ಹುಂಜ ನೀರು ಕುಡಿಯುತ್ತಿದ್ದ ನೀಲಿ ಡಿಸ್ಕ್

ಮಾರಾಟಕ್ಕಿವೆ ಎಂದು ವಾಟ್ಸಾಪಿನಲ್ಲಿ ಬಂದ ಕೋಳಿಗಳ ಫೋಟೋವನ್ನು ಅನುಪಮಾ ಹಿಗ್ಗಿಸಿ ಹಿಗ್ಗಿಸಿ ನೋಡಿದಳು. ಕೋಳಿ ಕೊಳ್ಳುವ ಯೋಚನೆ ಅವಳಿಗಿರಲಿಲ್ಲ. ನಾಟಿ ಹುಂಜ ನೀರು ಕುಡಿಯುತ್ತಿದ್ದ ನೀಲಿ ತಟ್ಟೆಯ ಮೇಲೆ ಅವಳ ಕಣ್ಣು ನೆಟ್ಟಿತ್ತು. ಆ ದಪ್ಪ ಅಂಚು, ಆ ಮಂಕು ಬಣ್ಣ ಅವಳಿಗೆ ಚೆನ್ನಾಗಿ ಗೊತ್ತು.

ಅವಳು ಸಿದ್ದಾಪುರದ ಹತ್ತಿರದ ಕಾಫಿ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್. ಮಾಲೀಕ ಬೆಳ್ಳಿಯಪ್ಪ ಸಿಲ್ವರ್ ಓಕ್ ಮರಗಳ ನಡುವೆ ಒಂಬತ್ತು ಕಬ್ಬಿಣದ ಬುಟ್ಟಿ ನೆಟ್ಟು, ಮೇಲೆ ಸರಪಳಿ ಇಳಿಬಿಟ್ಟು ಡಿಸ್ಕ್ ಗಾಲ್ಫ್ ಶುರುಮಾಡಿದ್ದರು. ಆದಷ್ಟು ಕಡಿಮೆ ಎಸೆತದಲ್ಲಿ ತಟ್ಟೆಯಂಥ ಪ್ಲಾಸ್ಟಿಕ್ ಡಿಸ್ಕನ್ನು ಬುಟ್ಟಿಗೆ ಬೀಳಿಸಬೇಕು, ಆಟ ಇಷ್ಟೇ. ಅವರಲ್ಲಿ ಹಳೆಯ ಡಿಸ್ಕ್ ಒಂದಿತ್ತು. ಆ ಬಗೆಯ ಪ್ಲಾಸ್ಟಿಕ್ ತಯಾರಿಸುವುದನ್ನು ಕಂಪನಿ ನಿಲ್ಲಿಸಿ ಹತ್ತು ವರ್ಷವಾಗಿತ್ತು. ಒಂದು ದಿನ ಜುಲೈ ಮಳೆಯಲ್ಲಿ ಅದನ್ನು ಅವಳ ಕೈಗಿತ್ತರು. ಹೊಸವು ಒದ್ದೆಯಾದರೆ ಸೋಪಿನಂತೆ ಜಾರುತ್ತಿದ್ದವು. ಇದು ಬೆರಳಿಗೆ ಕಚ್ಚಿಕೊಂಡು ನಿಂತಿತು, ಸರಪಳಿಗೆ ಬಡಿದರೂ ಪುಟಿಯದೆ ಬುಟ್ಟಿಯೊಳಗೆ ಮೆತ್ತಗೆ ಕೂತಿತು. ಬಳಸಿದಷ್ಟೂ ಪಳಗುವ ಜಾತಿ ಇದು, ಅದೇ ಅಚ್ಚಿನಲ್ಲಿ ಹೊಸ ಮಿಶ್ರಣ ಒತ್ತಿದರೆ ಈ ಹಿಡಿತ ಬರುವುದಿಲ್ಲ, ಅದಕ್ಕೇ ಆಟಗಾರರು ಇದಕ್ಕೆ ಪ್ರಾಣ ಬಿಡುತ್ತಾರೆ ಎಂದಿದ್ದರು ಬೆಳ್ಳಿಯಪ್ಪ. ಮರುವಾರವೇ ತೋಟಕ್ಕೆ ನುಗ್ಗಿದ ಕಾಡಾನೆ ಅದನ್ನು ತುಳಿದು ಚೂರು ಮಾಡಿತ್ತು.

ಭಾನುವಾರ ಮೊದಲ ಬಸ್ಸಿಗೇ ಅನುಪಮಾ ಕುಶಾಲನಗರಕ್ಕೆ ಹೊರಟಳು. ಅಲ್ಲಿಂದ ಆಟೋ ಹಿಡಿದು, ಹಾರಂಗಿ ನಾಲೆಯ ಪಕ್ಕದಲ್ಲಿದ್ದ, ಆ ಕೋಳಿಗಳ ಒಡತಿ ಲಿಂಗಮ್ಮನ ಮನೆ ಹುಡುಕಿದಳು. ಅರವತ್ತು ದಾಟಿದ ಲಿಂಗಮ್ಮ ಜೋಳದ ಹೊಲದ ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದಳು. ಆ ತಟ್ಟೆ ಆರು ವರ್ಷದ ಹಿಂದೆ, ನಾಲೆಯ ನೀರು ನಿಲ್ಲಿಸಿದ್ದಾಗ ಕೆಸರಿನಲ್ಲಿ ಸಿಕ್ಕಿದ್ದಂತೆ. ಅನುಪಮಾ ಅದನ್ನು ತೊಳೆದು ಹೆಬ್ಬೆರಳಿನಿಂದ ಒತ್ತಿದಳು. ಒಳಕ್ಕೆ ಹೋಗಿ ಮತ್ತೆ ಮೇಲೆದ್ದಿತು. ಅದೇ ಪ್ಲಾಸ್ಟಿಕ್.

ಬದಲಿಗೆ ಕೊಡಲು ತಂದಿದ್ದ ಹೊಚ್ಚ ಹೊಸ ಕಿತ್ತಳೆ ಬಣ್ಣದ ಡಿಸ್ಕನ್ನು ಮುಂದೆ ಹಿಡಿದಳು. ಲಿಂಗಮ್ಮ ಎರಡನ್ನೂ ಬಕೆಟ್ಟಿನಲ್ಲಿ ಅದ್ದಿ, ಒಂದೊಂದು ಕೈಯಲ್ಲಿ ಒಂದೊಂದನ್ನು ಹಿಡಿದು ನೋಡಿದಳು.

"ನಿಂದು ಜಾರ್ತದೆ ಕಣವ್ವ. ಮಳೇಲಿ ಮಂಗ ಓಡ್ಸೋಕೆ ಈ ನೀಲೀದೇ ಸೈ."

ಅಷ್ಟರಲ್ಲಿ ಹೊಲದ ಆಚೆ ತುದಿಯಲ್ಲಿ ಜೋಳದ ಗರಿ ಅಲ್ಲಾಡಿತು. ಲಿಂಗಮ್ಮ ಒದ್ದೆ ನೀಲಿ ಡಿಸ್ಕನ್ನು ಎದೆಗೆ ಎಳೆದುಕೊಂಡು ಮಣಿಕಟ್ಟು ತಿರುಗಿಸಿ ಬೀಸಿದಳು. ಅದು ಜೋಳದ ತುದಿಯ ಸೂಲಂಗಿ ಹೂವಿಗೆ ತಾಗಿತೋ ಇಲ್ಲವೋ ಎಂಬಷ್ಟು ತಗ್ಗಿನಲ್ಲಿ, ಅಲುಗದೆ ಹಾರಿ, ಸೀಬೆ ಮರದ ಪಕ್ಕ ಎಡಕ್ಕೆ ಹೊರಳಿ ಮಂಗಗಳ ನೆತ್ತಿಯ ಮೇಲೆಯೇ ಸುಯ್ಯೆಂದಿತು. ಮಂಗಗಳು ಚೆಲ್ಲಾಪಿಲ್ಲಿಯಾದವು. ತರಲು ಓಡಿದ ಅನುಪಮಾ ಹೆಜ್ಜೆ ಎಣಿಸಿದಳು. ಅರವತ್ತೆರಡು. ತನ್ನ ಎಸೆತ ಎಂದೂ ನಲವತ್ತು ದಾಟಿರಲಿಲ್ಲ. ಹಿಂದಿರುಗುವಷ್ಟರಲ್ಲಿ ಅವಳು ಬಂದ ಕೆಲಸವನ್ನೇ ಮರೆತಿದ್ದಳು.

"ಅಮ್ಮ, ಇದನ್ನ ನಂಗೆ ಕೊಡ್ಬೇಡಿ. ಇದನ್ನ ತಗೊಂಡು ನೀವೇ ಬನ್ನಿ. ಬರೋ ಭಾನುವಾರ ನಮ್ಮಲ್ಲಿ ಜೋಡಿ ಪಂದ್ಯ ಇದೆ."

ಲಿಂಗಮ್ಮ ಮೊದಲು ನಕ್ಕಳು. ಆಮೇಲೆ ಬಸ್ಸು ಎಷ್ಟು ಗಂಟೆಗೆಂದು ವಿಚಾರಿಸಿದಳು.

ಪಂದ್ಯದ ದಿನ ಜಡಿಮಳೆ. ಮೈಸೂರಿನಿಂದ ಬಂದಿದ್ದ ಜೋಡಿಯವರು ಪ್ರತಿ ಎಸೆತಕ್ಕೂ ಟವೆಲ್ಲಿನಲ್ಲಿ ಡಿಸ್ಕ್ ಒರೆಸುತ್ತಿದ್ದರು. ಲಿಂಗಮ್ಮ ಸೀರೆ ಎತ್ತಿ ಸಿಕ್ಕಿಸಿಕೊಂಡು ಹಾಗೆಯೇ ಬೀಸುತ್ತ ನಡೆದಳು. ಎಂಟು ಬುಟ್ಟಿ ಮುಗಿದಾಗ ಎರಡೂ ಜೋಡಿ ಸಮಸಮ. ಕೊನೆಯದರಲ್ಲಿ ಎದುರಾಳಿಯ ಡಿಸ್ಕ್ ಕೈಯಿಂದ ಜಾರಿ ಕಾಫಿ ಗಿಡದೊಳಗೆ ಹೋಯಿತು. ಅನುಪಮಾ ಎಸೆದದ್ದು ಬುಟ್ಟಿಗೆ ಹದಿನೈದು ಹೆಜ್ಜೆ ದೂರದಲ್ಲಿ ಬಿತ್ತು. ಅದು ಬಿದ್ದಲ್ಲಿಂದ ಎಸೆಯುವ ಸರದಿ ಲಿಂಗಮ್ಮನದು. ನಡುವೆ ಮರದ ಕಾಂಡವೊಂದು ಅಡ್ಡ ನಿಂತಿತ್ತು. ನೀಲಿ ಡಿಸ್ಕ್ ಕಾಂಡವನ್ನು ಬಳಸಿ ಹೋಗಿ ಸರಪಳಿಗೆ ಝಣ್ಣನೆ ಬಡಿದು ಒಳಗೆ ಬಿತ್ತು. ಪಂದ್ಯ ಗೆದ್ದ ಖುಷಿಗೆ ಅನುಪಮಾ ಕೆಸರಿನಲ್ಲೇ ಕುಣಿದು, ಲಿಂಗಮ್ಮನನ್ನು ತಬ್ಬಿಕೊಂಡಳು.

ಮೈಸೂರಿನವರು ಡಿಸ್ಕ್ ಕೊಡುತ್ತೀರಾ ಎಂದು ಮೂರು ಸಲ ಕೇಳಿದರು. ಲಿಂಗಮ್ಮ ಅದನ್ನು ಸೆರಗಿನಲ್ಲಿ ಒರೆಸಿ ಕಂಕುಳಿಗೆ ಸೇರಿಸಿದಳು.

"ಇಲ್ಲಪ್ಪ, ನಂಗೇ ಬೇಕು. ಮುಂದಿನ ತಿಂಗ್ಳೂ ಆಟ ಐತಂತೆ."