ಒಂಬತ್ತು ಹುಡುಗಿಯರು ಎದ್ದು ನಿಂತದ್ದು

ಏಕಾಂತಯ್ಯ ದಿಲ್ಲಿಗೆ ಹೋಗುವುದು ನಮ್ಮ ಸಂಘದ ಒಂದು ಗೊತ್ತುವಳಿಯ ಮೇಲೆ ನಿಂತಿತ್ತು. ಅದು ಐವತ್ತೇಳನೆಯ ಇಸವಿ. ತುಮಕೂರಿನ ನಮ್ಮ ಕಾಲೇಜಿನ ವಿದ್ಯಾರ್ಥಿ ಸಂಘಕ್ಕೆ ಅವನು ಕಾರ್ಯದರ್ಶಿ. ಊರು ಕುಣಿಗಲ್ ಕಡೆಯ ಕೊತ್ತಗೆರೆ. ಕ್ಯಾತ್ಸಂದ್ರದ ಹಾಸ್ಟೆಲಿನಿಂದ ನಡೆದೇ ಬರುತ್ತಿದ್ದ. ನಮ್ಮ ಸಂಘ ಸೇರಿದ್ದ ಅಖಿಲ ಭಾರತ ಮಂಡಲದವರು ಅವನನ್ನು ಎರಡು ವರ್ಷ ತಮ್ಮ ದಿಲ್ಲಿ ಕಚೇರಿಯಲ್ಲಿ ಕೆಲಸ ಮಾಡಲು ಆರಿಸಿದ್ದರು. ಆದರೆ ಅದೇ ಮಂಡಲ ಪರೀಕ್ಷೆಯ ವಾರದಲ್ಲೇ ತರಗತಿ ಬಹಿಷ್ಕರಿಸಿ ಎಂದು ತಂತಿ ಕಳಿಸಿತು. ಸಂಘದಲ್ಲಿದ್ದ ವೆಂಕಟೇಶನಿಗೆ ರೇಗಿಹೋಯಿತು. ಮಂಡಲದಿಂದ ಹೊರಬರಬೇಕೆಂದು ಗೊತ್ತುವಳಿ ತಂದ. ಸಂಘ ಹೊರಬಂದರೆ ಏಕಾಂತಯ್ಯನ ದಿಲ್ಲಿಯೂ ಇಲ್ಲ.

ನಾನು ಗುಬ್ಬಿಯಿಂದ ದಿನಾ ರೈಲಿನಲ್ಲಿ ಬರುವವಳು, ಅಜ್ಜಿ ಕರಿಬಸಮ್ಮನ ಕಥೆಗಳನ್ನು ತಿಂದು ಬೆಳೆದವಳು. ಅಜ್ಜಿಯ ಕಥೆಯಲ್ಲಿ ಏಳು ಕಡಲು ದಾಟಿದವನು ದೀಪ ಆರುವುದರೊಳಗೆ ಮನೆಗೆ ಬಂದುಬಿಡುತ್ತಿದ್ದ. ಅಷ್ಟು ದಿನ ಅವನ ಹುಡುಗಿ ಏನು ಮಾಡುತ್ತಿದ್ದಳೆಂದು ಕೇಳಿದರೆ, "ಏನ್ ಮಾಡ್ತಾಳೆ, ಕಾಯ್ತಾಳೆ. ಮಲ್ಕೊಳ್ಳೇ" ಎನ್ನುತ್ತಿದ್ದಳು. ನನಗೆ ಕಾಯಲು ಬರುತ್ತಿರಲಿಲ್ಲ. ಆದರೆ ಏಕಾಂತಯ್ಯನಿಗೆ ಇದನ್ನೆಲ್ಲ ನಾನು ಹೇಳಿರಲೂ ಇಲ್ಲ.

ಸಭೆಯ ಹಿಂದಿನ ದಿನ ಲೈಬ್ರರಿ ಮೆಟ್ಟಿಲ ಬಳಿ ಅವನೇ ಕೇಳಿದ. "ನಿಮ್ ಬೆಂಚ್ನೋರೆಲ್ಲ ನಮ್ ಕಡೆ ತಾನೇ, ಸರ್ವಮಂಗಳಾ?"

"ಹೂಂ" ಎಂದೆ. ನಿಜವೇ. ವನಜ ಮೊದಲಾಗಿ ಎಲ್ಲರೂ ಅವನ ಪರವೇ ಇದ್ದರು.

ನಮ್ಮಲ್ಲಿ ಮತ ಹಾಕುವುದೆಂದರೆ ಎದ್ದು ನಿಲ್ಲುವುದು. ಸಭೆಯಲ್ಲಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನಿಂತರೆ ಗೊತ್ತುವಳಿ ಪಾಸು. ಹುಡುಗರನ್ನು ಹುಡುಗರೇ ಎಣಿಸುತ್ತಿದ್ದರು. ಹಾಲಿನ ಕೊನೆಯಲ್ಲಿದ್ದ ನಮ್ಮ ಬೆಂಚುಗಳ ಕಡೆ ಅವರು ತಿರುಗಿಯೂ ನೋಡುವಂತಿರಲಿಲ್ಲ, ಅದು ಮರ್ಯಾದೆ. ಹುಡುಗಿಯರ ಪ್ರತಿನಿಧಿಯಾಗಿ ನಾನು ಎಣಿಸಿ ಚೀಟಿ ಬರೆದು ಕಳಿಸಬೇಕು.

ಸಭೆಯಲ್ಲಿ ವೆಂಕಟೇಶ ಕೂಗಾಡಿದ. "ದಿಲ್ಲಿಯೋರ್ ಸೀನಿದ್ರೆ ನಾವ್ ಮೂಗು ಒರೆಸ್ಕೋಬೇಕೇನ್ರೋ? ಪರೀಕ್ಷೆ ಬರೆಯೋರು ಅವ್ರಾ, ನಾವಾ?"

"ನೀನ್ ಬರೆದ್ರೂ ಅಷ್ಟೇ, ಬುಟ್ರೂ ಅಷ್ಟೇ ಕಣ್ಲಾ!" ಎಂದು ಯಾರೋ ಹಿಂದಿನಿಂದ ಅಂದರು. ಹಾಲೆಲ್ಲ ನಕ್ಕಿತು.

ಏಕಾಂತಯ್ಯ ಮೆತ್ತಗೆ ಮಾತಾಡಿದ. "ತಪ್ಪು ಮಾಡವ್ರೆ, ನಿಜ. ಒಳಗಿದ್ದು ಜಗಳ ಆಡಾಣ. ಹೊರಗ್ ಬಂದ್ರೆ ನಮ್ ಮಾತು ಯಾರಿಗೆ ಕೇಳ್ಸುತ್ತೆ?"

"ಹೊರಬರಬೇಕು ಅನ್ನೋರು ನಿಲ್ಲಿ" ಎಂದು ಅಧ್ಯಕ್ಷರು ಹೇಳಿದ್ದೇ ತಡ, ನಮ್ಮ ಪಕ್ಕದ ಬಾಗಿಲಿನಿಂದ ಶ್ರೀಕಂಠಯ್ಯ ಮೇಷ್ಟ್ರು ಒಳಗೆ ಬಂದರು. ಸಂಸ್ಕೃತದ ಮೇಷ್ಟ್ರು, ಮಂಡಿ ನೋವಿನವರು. ಅವರು ಬಂದರೆ ಹುಡುಗಿಯರು ಏಳಬೇಕು, ಅವರು ಕೂರುವ ತನಕ ಕೂರಬಾರದು. ದಿನವೂ ಮಾಡುವಂತೆ ನನ್ನ ಜೊತೆಯ ಒಂಬತ್ತು ಜನವೂ ಸೆರಗು ಸರಿಮಾಡಿಕೊಂಡು ಎದ್ದರು. ಮೇಷ್ಟ್ರು ಗೋಡೆ ಹಿಡಿದು ಹಿಡಿದು ಕುರ್ಚಿ ಮುಟ್ಟುವಷ್ಟರಲ್ಲಿ ಹುಡುಗರ ಎಣಿಕೆ ಮುಗಿದಿತ್ತು.

"ಹುಡುಗೀರ ಚೀಟಿ?" ಎಂದರು ಅಧ್ಯಕ್ಷರು.

ನಾನು 'ಒಂಬತ್ತು' ಎಂದು ಬರೆದೆ. ನನ್ನನ್ನು ಸೇರಿಸಿಕೊಳ್ಳಲಿಲ್ಲ.

ನಲವತ್ತೊಂದಕ್ಕೆ ಒಂಬತ್ತು ಸೇರಿ ಐವತ್ತು. ಸಭೆಯಲ್ಲಿದ್ದದ್ದು ತೊಂಬತ್ತೇಳು ಜನ. ಗೊತ್ತುವಳಿ ಪಾಸಾಯಿತು. ಗದ್ದಲದಲ್ಲಿ ವನಜ ನನ್ನ ತೋಳು ಜಗ್ಗಿದಳು. "ನಾವ್ ನಿಂತಿದ್ದು ಮೇಷ್ಟ್ರಿಗಲ್ವೇನೇ? ಹೇಳೇ!"

"ರೈಲು ಹೊರಟ್ಹೋಗುತ್ತೆ, ನಡಿಯೇ" ಎಂದೆ.

ಗುಬ್ಬಿಯ ತನಕ ಕಿಟಕಿಯಾಚೆ ನೋಡುತ್ತ ಸಂತೋಷವಾಗಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಇದ್ದೆ.

ಮೂರು ದಿನ ಅವನು ಕಾಲೇಜಿಗೆ ಬರಲಿಲ್ಲ. ನಾಲ್ಕನೆಯ ದಿನ ಕುಣಿಗಲ್ ಬಸ್ಸು ನಿಲ್ಲುವಲ್ಲಿ ಟ್ರಂಕಿನ ಮೇಲೆ ಕೂತಿದ್ದ. ಕೊತ್ತಗೆರೆ ಶಾಲೆಯಲ್ಲಿ ಮೇಷ್ಟ್ರ ಕೆಲಸ ಖಾಲಿಯಿದೆಯಂತೆ. ಓದು ಸಾಕೆಂದು ಅಪ್ಪ ಹೇಳಿಕಳಿಸಿದ್ದರಂತೆ.

"ದಿಲ್ಲಿ ಹೋದ್ರೆ ಹೋಯ್ತು ಬುಡಿ" ಎಂದ. "ಹುಡುಗೀರೆಲ್ಲ ನನ್ ವಿರುದ್ಧ ನಿಂತ್ರಲ್ಲ, ನಾನೇನ್ ತಪ್ಪು ಮಾಡಿದ್ದೆ ಅಂತ ಮೂರು ದಿನದಿಂದ ಯೋಚಿಸ್ತಿದೀನಿ. ನಿಮಗಾದ್ರೂ ಗೊತ್ತಾ?"

ಹೇಳಿದೆ. ಮೇಷ್ಟ್ರು ಬಂದದ್ದು, ಅವರೆಲ್ಲ ಎದ್ದದ್ದು, ಗೊತ್ತಿದ್ದೂ ನಾನು ಚೀಟಿ ಬರೆದದ್ದು.

"ಯಾಕೆ?"

"ನೀವು ಹೋಗ್ಬಾರ್ದು ಅಂತ."

ಬಸ್ಸು ಬಂತು, ಅವನು ಟ್ರಂಕಿನ ಮೇಲಿಂದ ಎದ್ದ. ಕಂಡಕ್ಟರ್ ಟ್ರಂಕನ್ನು ಮೇಲೆ ಹಾಕಿದ.

"ನನ್ನೇ ಒಂದು ಮಾತು ಕೇಳಿದ್ರೆ ಆಗ್ತಿತ್ತಲ್ರೀ" ಎಂದ. "ಹೋಗ್ಬೇಡ ಅಂದಿದ್ರೆ ನಾನೇ ಇರ್ತಿದ್ನೇನೋ."

ಬಸ್ಸು ಹತ್ತಿದ ಮೇಲೆ ಕಿಟಕಿಗೆ ಬರಲಿಲ್ಲ, ಆ ಕಡೆಯ ಸೀಟಿನಲ್ಲಿ ಕೂತ.

ಮುಂದಿನ ಸೋಮವಾರ ವಿಶೇಷ ಸಭೆ ಕರೆಯಿರೆಂದು ನಾನೇ ಕೇಳಿಕೊಂಡೆ. ಸಭೆಯಲ್ಲಿ ಅದುವರೆಗೆ ಒಂದು ಮಾತೂ ಆಡದವಳು ನಡೆದದ್ದನ್ನೆಲ್ಲ ಹೇಳಿದೆ. ಯಾಕೆಂದು ಮಾತ್ರ ಹೇಳಲಿಲ್ಲ. ಛೇಡಿಸಬಹುದಾಗಿದ್ದ ವೆಂಕಟೇಶ ತಲೆ ತಗ್ಗಿಸಿ, "ಇನ್ನೊಂದ್ಸಲ ಎಣ್ಸಿ" ಎಂದಷ್ಟೇ ಅಂದ. ಎಣಿಸಿದರು. ಗೊತ್ತುವಳಿ ಬಿದ್ದುಹೋಯಿತು. ಸಂಘ ಮಂಡಲದಲ್ಲೇ ಉಳಿಯಿತು. ಅಷ್ಟರಲ್ಲಿ ದಿಲ್ಲಿಯವರು ಅವನ ಜಾಗಕ್ಕೆ ಬೇರೆ ಯಾರನ್ನೋ ಕರೆಸಿಕೊಂಡಿದ್ದರು.

ಕೊತ್ತಗೆರೆಗೆ ನಾಲ್ಕು ಹಾಳೆಯ ಕಾಗದ ಬರೆದೆ. ಅಜ್ಜಿಯ ಕಥೆಯಲ್ಲಿ ಯಾವ ಹುಡುಗಿಯೂ ಆಡದ ಮಾತುಗಳನ್ನೆಲ್ಲ ಬರೆದು, ಉತ್ತರಕ್ಕೆ ನಮ್ಮ ಮನೆಯ ವಿಳಾಸ ಕೊಟ್ಟೆ.

ತಿಂಗಳಾದ ಮೇಲೆ ಒಂದು ಕಾರ್ಡು ಬಂತು, ಮನೆಗಲ್ಲ, ಸಂಘಕ್ಕೆ. ಸಂಘಕ್ಕೆ ಬಂದ ಕಾಗದವನ್ನು ನೋಟೀಸು ಬೋರ್ಡಿಗೆ ಹಾಕುವುದು ರೂಢಿ. ವೆಂಕಟೇಶ ನಾಲ್ಕು ಮೂಲೆಗೂ ಪಿನ್ನು ಚುಚ್ಚಿ ಹಾಕಿದ್ದ. 'ಸಂಘ ಮಂಡಲದಲ್ಲಿ ಉಳಿದ ಸುದ್ದಿ ತಿಳಿದು ಸಂತೋಷವಾಯಿತು. ಮೇಷ್ಟ್ರ ಮಂಡಿ ನೋವು ಹೇಗಿದೆ? ಎಲ್ಲರಿಗೂ ನಮಸ್ಕಾರ.'

ಎಲ್ಲರ ಜೊತೆ ನಾನೂ ಓದಿದೆ. ಹಿಂದೆ ಇದ್ದವನೊಬ್ಬ, "ಓದಾಯ್ತಾ? ಸ್ವಲ್ಪ ಸರೀರಿ" ಎಂದ. ಸರಿದೆ.