ಕುಡ್ ಎಂಬ ಕುರಿಮರಿ

ನನ್ನ ಹೆಸರು ವಿನಯ್ ಕುಮಾರ್. ಹೆಸರಿನಲ್ಲಿರುವುದು ನಾಲಿಗೆಯಲ್ಲಿಲ್ಲ ಎಂದು ನ್ಯಾಮತಿಯಲ್ಲಿರುವ ನನ್ನ ಹೆಂಡತಿ ಮನೆಗೆ ಬಂದವರಿಗೆಲ್ಲ ಹೇಳುತ್ತಾಳೆ. ನಿಜವೇ. ಇಂಗ್ಲಿಷ್ ಅತಿಥಿ ಶಿಕ್ಷಕನಾಗಿ ಒಂದು ವರ್ಷ ಚನ್ನಗಿರಿ, ಎರಡು ವರ್ಷ ಹೊನ್ನಾಳಿ, ಈಗ ಜಗಳೂರು ಎಂದು ತಿರುಗಿದವನಿಗೆ ಸಿಟ್ಟು ಬಾರದೆ ಇನ್ನೇನು ಬರುತ್ತದೆ? ಆದರೆ ಕಾಟಮ್ಮನ ವಿಷಯದಲ್ಲಿ ನನ್ನ ಸಿಟ್ಟಿನಿಂದ ಏನೂ ಕೆಡಲಿಲ್ಲ. ಖುಷಿಯಾಗಿ ಆಡಿದ ಒಂದು ಮಾತಿನಿಂದ ಕೆಟ್ಟಿತು.

ಕಾಟಮ್ಮನದು ಜಗಳೂರಿನಿಂದ ಏಳು ಕಿಲೋಮೀಟರ್ ದೂರದ ಹಟ್ಟಿ. ಗಂಡ ಗಾದ್ರಪ್ಪ, ಕಣ್ಣು ಮಂಜಾದ ಅತ್ತೆ ಗಿಡ್ಡಮ್ಮ, ನಲವತ್ತು ಕುರಿ. ಗಿಡ್ಡಮ್ಮ ಆ ಹಟ್ಟಿಯ ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದವಳು. ಕಣ್ಣು ಹೋದ ಮೇಲೆ ಎರಡು ವರ್ಷದಿಂದ ಸೊಸೆಯೇ ಆ ಕೆಲಸ ಮಾಡುತ್ತಿದ್ದಳು. ಮಕ್ಕಳಿಗೆ ಊಟ ಬೇಯಿಸುವುದು, ಮೂಗು ಒರೆಸುವುದು, ಮಲಗಿಸುವುದು, ಎಲ್ಲ. ಈಗ ಆ ಜಾಗಕ್ಕೆ ಅರ್ಜಿ ಕರೆದಿದ್ದರು. ಹತ್ತನೇ ತರಗತಿ ಪಾಸಾಗಿರಬೇಕು, ಮೂವತ್ತೈದು ತುಂಬಿರಬಾರದು. ಕಾಟಮ್ಮನಿಗೆ ಆಗಸ್ಟಿನಲ್ಲಿ ಮೂವತ್ತೈದು ತುಂಬುತ್ತಿತ್ತು. ಖಾಸಗಿಯಾಗಿ ಕಟ್ಟಿ ಐದು ವಿಷಯ ಪಾಸು ಮಾಡಿಕೊಂಡಿದ್ದಳು. ಇಂಗ್ಲಿಷ್ ಒಂದು ಮೂರು ಸಲ ಹೋಗಿತ್ತು. ಜೂನ್ ತಿಂಗಳ ಪರೀಕ್ಷೆಯೇ ಅವಳಿಗೆ ಕೊನೆಯದು.

ಫೇಲಾದವರಿಗೆಂದು ಬೇಸಿಗೆಯಲ್ಲಿ ನಡೆಸುತ್ತಿದ್ದ ಕ್ಲಾಸಿಗೆ ಅವಳು ಬಂದು ಹಿಂದಿನ ಬೆಂಚಿನಲ್ಲಿ ಕೂತಳು. ಎರಡು ವಾಕ್ಯ ಕೂಡಿಸುವ ಪದ ಬಂದ ಮೇಲೆ ಯಾವ ಸಹಾಯಕ ಕ್ರಿಯಾಪದ ಬರಬೇಕು ಎನ್ನುವ ಪಾಠ. ಪ್ರತಿ ಪತ್ರಿಕೆಯಲ್ಲೂ ಎರಡು ಮೂರು ಅಂಕ ಅದಕ್ಕೇ ಇರುತ್ತದೆ. ನನ್ನದು ಬಾಯಿಪಾಠದ ದಾರಿ. ಸೋ ದಟ್ ಬಂದರೆ ಹಿಂದೆಯೇ ಕುಡ್. ಲೆಸ್ಟ್ ಬಂದರೆ ಶುಡ್. ಈವನ್ ಇಫ್ ಬಂದರೆ ಮೈಟ್. ಯಾಕೆ ಏನು ಎಂದು ಕೇಳಬೇಡಿ, ಬರೆದು ಬನ್ನಿ ಎನ್ನುತ್ತಿದ್ದೆ. ಕಾಟಮ್ಮ ಒಂದರ ಹಿಂದೆ ಇನ್ನೊಂದನ್ನು ಹಚ್ಚುತ್ತಿದ್ದಳು. ಹತ್ತನೇ ಸಲ ತಪ್ಪಿದಾಗ ನನ್ನ ತಲೆ ಕೆಟ್ಟುಹೋಯಿತು.

"ನಲವತ್ತು ಕುರಿ ಗುರುತು ಹಿಡೀತೀಯ, ನಾಲ್ಕು ಪದ ಗುರುತು ಹಿಡಿಯಾಕೆ ಆಗಲ್ಲೇನಮ್ಮ?" ಎಂದು ಎಲ್ಲರ ಎದುರೇ ಕೂಗಿದೆ.

ಅವಳು ತಲೆ ತಗ್ಗಿಸಿದಳು. ಎರಡು ದಿನ ಬರಲಿಲ್ಲ. ಮೂರನೇ ದಿನ ನನಗೇ ಮನಸ್ಸು ತಡೆಯದೆ ಬೈಕ್ ಹತ್ತಿ ಹಟ್ಟಿಗೆ ಹೋದೆ. ಹಟ್ಟಿಯ ಹಿಂದಿನ ಬೀಳಿನಲ್ಲಿ ಅವಳು ಕುರಿ ಮೇಯಿಸುತ್ತಿದ್ದಳು. ಕುರಿಗಳ ಬೆನ್ನು ನೋಡಿ ನಾನು ಬೈಕ್ ಆರಿಸುವುದನ್ನೂ ಮರೆತೆ. ಗುರುತಿಗೆ ಹಚ್ಚುವ ಕೆಂಪು ಬಣ್ಣದಲ್ಲಿ ದೊಡ್ಡ ದೊಡ್ಡ ಇಂಗ್ಲಿಷ್ ಅಕ್ಷರ. ಒಂದು ಕುರಿಯ ಮೇಲೆ ಸೋ ದಟ್, ಅದರ ಬೆನ್ನಿಗೇ ನಡೆಯುತ್ತಿದ್ದ ಕೊಬ್ಬಿದ ಮರಿಯ ಮೇಲೆ ಕುಡ್. ಲೆಸ್ಟ್ ಹಿಂದೆ ಶುಡ್. ಈವನ್ ಇಫ್ ಹಿಂದೆ ಮೈಟ್.

"ತಾಯಿ ಮ್ಯಾಲೆ ಕೂಡಿಸೋ ಪದ, ಮರಿ ಮ್ಯಾಲೆ ಅದರ ಹಿಂದೆ ಬರೋದು ಬರೆದೀನಿ ಸಾರ್," ಎಂದಳು. "ಮರಿ ತಾಯಿ ಬಿಟ್ಟು ಬ್ಯಾರೆ ಕುರಿ ಹಿಂದೆ ಹೋಗಲ್ಲ. ಈಗ ಕೇಳ್ರಿ."

ಕೇಳಿದೆ. ಒಂದೂ ತಪ್ಪಲಿಲ್ಲ. ಕಾಟಮ್ಮ ರ್‍ಯಾನ್ ಸೋ ದಟ್ ಶಿ ಕುಡ್ ಕ್ಯಾಚ್ ದ ಬಸ್. ಬಸ್ ಸಿಗಲಿ ಎಂದು ಕಾಟಮ್ಮ ಓಡಿದಳು. ಇಷ್ಟು ವರ್ಷದ ನನ್ನ ನೌಕರಿಯಲ್ಲಿ ಯಾವ ವಿದ್ಯಾರ್ಥಿಯೂ ನನಗೆ ಅಂಥ ಖುಷಿ ಕೊಟ್ಟಿರಲಿಲ್ಲ. ಆ ಖುಷಿಯಲ್ಲೇ ಆಡಿದೆ: "ಬರೀ ಬರೆದರೆ ಸಾಲದು ಕಾಟಮ್ಮ. ಇನ್ನು ಇವುಗಳ ಹೆಸರೇ ಇದು. ಇದೇ ಹೆಸರು ಹಿಡಿದು ಕೂಗು. ಮನೆಯವರೆಲ್ಲ ಹಂಗೇ ಕೂಗ್ಲಿ."

ಕೂಗಿದರು. ಮುಂದಿನ ವಾರ ಹೋದಾಗ ಗಾದ್ರಪ್ಪ "ಏ ಕುಡ್, ಬಾ ಇಲ್ಲಿ" ಎಂದು ಮರಿಗೆ ಜೋಳದ ಸೊಪ್ಪು ಹಿಡಿದಿದ್ದ. ಕಣ್ಣು ಕಾಣದ ಗಿಡ್ಡಮ್ಮ ಜಗುಲಿಯಲ್ಲಿ ಕೂತು "ಲೆಸ್ಟು ಬಂತೇನೇ, ಶುಡ್ಡು ಬಂತೇನೇ" ಎಂದು ಸಂಜೆ ಕುರಿ ಎಣಿಸುತ್ತಿದ್ದಳು. ಅಂಗನವಾಡಿಯ ಮಕ್ಕಳೂ ಕುಡ್ ಎಂದರೆ ಕುರಿಮರಿ ಎಂದೇ ತಿಳಿದಿದ್ದವು. ನಾನು ನಕ್ಕು ನಕ್ಕು ಸಾಕಾದೆ. ಈ ಸಲ ಇವಳು ಪಾಸು, ಬರೆದುಕೊಳ್ಳಿ ಎಂದು ಸ್ಟಾಫ್ ರೂಮಿನಲ್ಲಿ ಜಂಭ ಕೊಚ್ಚಿದೆ.

ಮೇ ಕೊನೆಯಲ್ಲಿ ಮಳೆ ಬಿತ್ತು. ಎಳೆ ಹುಲ್ಲು ಚಿಗುರಿತು. ಎಳೆ ಹುಲ್ಲು ತಿಂದ ಕುರಿಗೆ ಕರುಳುಬೇನೆ ಬರುತ್ತದೆ, ಅದರಲ್ಲೂ ಚೆನ್ನಾಗಿ ಮೈ ತುಂಬಿದ ಮರಿಗಳಿಗೇ ಮೊದಲು ಎಂದು ನನಗೆ ಗೊತ್ತಿರಲಿಲ್ಲ. ಪರೀಕ್ಷೆಗೆ ಮೂರು ದಿನ ಇರುವಾಗ ಕಾಟಮ್ಮ ಕ್ಲಾಸಿಗೆ ಬಂದಳು. ಮುಖ ಬಾಡಿತ್ತು.

"ಸೋ ದಟ್ ಮರಿ ಹೋತು ಸಾರ್. ಸಂಜಿಗೆ ಚೆಂದಾಗೇ ಮೇದಿತ್ತು. ಬೆಳಗ್ಗೆ ನೋಡಿದ್ರೆ ಸೆಟೆದು ಬಿದ್ದಿತ್ತು."

ಅಯ್ಯೋ ಎಂದೆ. ಅಷ್ಟೇ. ನನಗೆ ಪರೀಕ್ಷೆಯದೇ ಚಿಂತೆ. ಮತ್ತೊಮ್ಮೆ ಎಲ್ಲ ಒಪ್ಪಿಸು ಎಂದೆ. ಲೆಸ್ಟ್ ಹೇಳಿದಳು, ಈವನ್ ಇಫ್ ಹೇಳಿದಳು. ಸೋ ದಟ್ ಎಂದು ಅಲ್ಲಿಗೇ ನಿಲ್ಲಿಸಿದಳು.

"ಆ ಹೆಸರು ಈಗ ಬ್ಯಾಡ ಸಾರ್," ಎಂದಳು.

ದುಃಖ ಎಂದುಕೊಂಡೆ. "ಬಿಡು, ಅದು ನಿನಗೆ ನಿದ್ದೆಯಲ್ಲೂ ಬರುತ್ತೆ," ಎಂದು ಮುಂದಿನ ಪಾಠಕ್ಕೆ ಹೋದೆ. ಯಾಕೆ ಬೇಡ ಎಂದು ಒಂದು ಮಾತು ಕೇಳಬೇಕಿತ್ತು. ಯಾಕೆ ಎಂದು ಕೇಳಬೇಡಿ ಎಂದು ಊರಿಗೆಲ್ಲ ಹೇಳಿಕೊಡುವವನು ನಾನು, ಎಲ್ಲಿಂದ ಕೇಳಲಿ?

ಪರೀಕ್ಷೆ ಮುಗಿಸಿ ಹೊರಗೆ ಬಂದಾಗ ಅವಳು ಸರಿಯಾಗಿ ಮಾತಾಡಲಿಲ್ಲ. ಮನೆಯಲ್ಲಿ ಕುರಿ ಬೇನೆ ಬಿದ್ದು ಮಲಗಿವೆ ಎಂದು ಬಸ್ಸಿಗೆ ಓಡಿದಳು. ನಾನು ನ್ಯಾಮತಿಗೆ ಹೋದೆ. ಫಲಿತಾಂಶ ಬಂದ ದಿನ ಮೊಬೈಲಿನಲ್ಲಿ ಅವಳ ನಂಬರ್ ಒತ್ತಿ ನೋಡಿದೆ. ಎರಡು ಅಂಕ ಕಡಿಮೆ. ಮತ್ತೆ ಒತ್ತಿದೆ, ಮತ್ತೆ ಅದೇ. ಊಟದ ತಟ್ಟೆ ಮುಂದಿಟ್ಟ ಹೆಂಡತಿಯ ಮೇಲೆ ರೇಗಿದೆ. ತಿದ್ದಿದವರ ತಪ್ಪು, ಖಂಡಿತ ತಿದ್ದಿದವರದೇ ತಪ್ಪು ಎಂದು ಗಾದ್ರಪ್ಪನಿಗೆ ಫೋನ್ ಮಾಡಿ ಉತ್ತರಪತ್ರಿಕೆಯ ನಕಲಿಗೆ ಅರ್ಜಿ ಹಾಕಿಸಿದೆ. ಸಹಾಯಕಿ ಕೆಲಸದ ಅರ್ಜಿಗೆ ಇನ್ನೂ ಹನ್ನೊಂದು ದಿನ ಇತ್ತು. ಅಷ್ಟರೊಳಗೆ ಮರುಮೌಲ್ಯಮಾಪನ ಆಗಬೇಕು, ಆಗೇ ಆಗುತ್ತದೆ ಎಂದು ಹುಚ್ಚನ ಹಾಗೆ ನನಗೆ ನಾನೇ ಹೇಳಿಕೊಂಡೆ.

ನಕಲು ನನ್ನ ಮೊಬೈಲಿಗೆ ಬಂತು. ದುಂಡನೆ ಅಕ್ಷರ. ಲೆಸ್ಟ್ ಮುಂದೆ ಶುಡ್ ಇತ್ತು. ಈವನ್ ಇಫ್ ಮುಂದೆ ಮೈಟ್ ಇತ್ತು. ಸೋ ದಟ್ ಇದ್ದ ವಾಕ್ಯದಲ್ಲಿ ಮಾತ್ರ ಕುಡ್ ಬರಬೇಕಾದ ಜಾಗ ಖಾಲಿ. ಪತ್ರ ಬರೆಯುವ ಪ್ರಶ್ನೆಯಲ್ಲೂ ಆ ಪದ ಬರಬೇಕಾದ ಎರಡು ಕಡೆ ಅಷ್ಟಷ್ಟೇ ಜಾಗ ಬಿಟ್ಟಿದ್ದಳು. ಒಂದು ಕಡೆ ಪೆನ್ನು ಊರಿ ಊರಿ ಚುಕ್ಕೆಗಳಾಗಿದ್ದವು. ಖಾಲಿ ಜಾಗಕ್ಕೆ ಯಾರು ತಾನೆ ಅಂಕ ಹಾಕುತ್ತಾರೆ?

ಮರುದಿನ ಬೆಳಗಿನ ಬಸ್ಸಿಗೆ ಹೊರಟು, ದಾವಣಗೆರೆಯಲ್ಲಿ ಬಸ್ ಬದಲಿಸಿ, ಜಗಳೂರಿನಿಂದ ಯಾರದೋ ಬೈಕ್ ಹತ್ತಿ ಹಟ್ಟಿ ಸೇರುವಾಗ ಮಧ್ಯಾಹ್ನವಾಗಿತ್ತು. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡು ಬಂದಿದ್ದೆ. ಕಾಟಮ್ಮ ಅಂಗನವಾಡಿಯ ಕಟ್ಟೆಯ ಮೇಲೆ ಒಂದು ಮಗುವಿನ ಕೈ ತೊಳೆಸುತ್ತಿದ್ದಳು.

"ಮರೆತೆಯಾ?" ಎಂದೆ.

"ಇಲ್ರಿ ಸಾರ್. ಗೊತ್ತಿತ್ತು."

"ಗೊತ್ತಿದ್ದೂ ಬಿಟ್ಟೆಯಾ?"

ಅವಳು ಸೆರಗಿಗೆ ಕೈ ಒರೆಸಿಕೊಂಡಳು. "ಬ್ಯಾನಿಗೆ ಸತ್ತ ಕುರಿ ಹೆಸರು, ಬ್ಯಾನಿ ಪೂರಾ ಇಳಿದು ಹಟ್ಟಿ ದ್ಯಾವ್ರು ಅಮ್ಮಗೆ ಎಡೆ ಇಡೋ ತನಕ ಬಾಯಾಗೆ ಬರಬಾರದು ಸಾರ್, ಕೈಯಾಗೂ ಬರಬಾರದು. ಬಂದ್ರೆ ಬ್ಯಾನಿನ ನಾವೇ ಕರೆದಂಗೆ. ಪರೀಕ್ಷೆ ದಿನ ಹೊಂಡುವಾಗ ಶುಡ್ಡು, ಮೈಟು ಎರಡೂ ನೆಲ ಹಿಡಿದಿದ್ವು. ಹೆಂಗೆ ಬರೀಲಿ ಹೇಳ್ರಿ?"

"ಅದು ಬರೀ ಪದ ಕಣಮ್ಮ! ಇಂಗ್ಲಿಷ್ ಪದ!"

"ನೀವೇ ಅಲ್ವಾ ಸಾರ್, ಇನ್ನು ಇವುಗಳ ಹೆಸರೇ ಇದು ಅಂದಿದ್ದು."

ಆದರೂ ಬಿಡಲಿಲ್ಲ ನಾನು. "ಮರಿಗಳು ಏನಾದವು?"

"ಎರಡೂ ಉಳಕೊಂಡ್ವು. ದನದ ಡಾಕ್ಟ್ರು ಬಂದು ಸೂಜಿ ಹಾಕಿದ್ರು."

"ಆ ಸೂಜಿ ಹಾಕಿದ್ದಕ್ಕೆ ಉಳಿದವು!"

"ಅದಕ್ಕೂ ಇರಬೋದು ಸಾರ್. ಯಾವುದಕ್ಕೆ ಉಳೀತಾವೆ ಅಂತ ನೋಡಿಕೊಂಡು ಕುಂದ್ರಾಕೆ ನನಗೆ ಅವತ್ತು ಪುರುಸೊತ್ತು ಇರಲಿಲ್ಲ. ಮೂರು ತಾಸು ಪೆನ್ನು ಹಿಡಕೊಂಡು ಕುಂತಿದ್ದೆ. ಬರೆದ್ರೆ ಅವು ಹೋಗ್ತಾವೆ, ಬರೀದಿದ್ರೆ ಇದು ಹೋಗ್ತೈತೆ." ಇದು ಎಂದಾಗ ಅವಳು ಅಂಗನವಾಡಿಯ ಬಾಗಿಲು ತೋರಿಸಿದಳು.

ಕಟ್ಟೆಯ ಮೇಲೆ ಕುಸಿದು ಕೂತೆ. ಅಷ್ಟು ದೂರ ಹೊತ್ತು ತಂದ ಬೈಗುಳಗಳಲ್ಲಿ ಒಂದೂ ಅವಳಿಗೆ ಸೇರಿದ್ದಾಗಿರಲಿಲ್ಲ. ತಪ್ಪಾಯಿತು ಎಂದು ಹೇಳಲು ಬಾಯಿ ತೆರೆದೆ, ಅಳು ಬಂತು. ಮಕ್ಕಳು ಊಟ ಬಿಟ್ಟು ಮೇಷ್ಟ್ರು ಅಳುವುದನ್ನು ನೋಡುತ್ತಾ ನಿಂತವು. ಕಾಟಮ್ಮ ಅವನ್ನು ಒಳಗೆ ಅಟ್ಟಿ ನನಗೆ ಒಂದು ಲೋಟ ನೀರು ತಂದುಕೊಟ್ಟಳು.

"ನಿನ್ನೆ ಅಮ್ಮಗೆ ಎಡೆ ಇಟ್ವಿ ಸಾರ್," ಎಂದಳು. "ಈಗ ಹೇಳಬೋದು."

ನಾನು ಕೇಳಿರಲಿಲ್ಲ. ಆದರೂ ಅವಳು ಕ್ಲಾಸಿನಲ್ಲಿ ನಿಲ್ಲುವ ಹಾಗೆ ಕೈ ಕಟ್ಟಿ ನಿಂತಳು. "ಕಾಟಮ್ಮ ರ್‍ಯಾನ್ ಸೋ ದಟ್ ಶಿ ಕುಡ್ ಕ್ಯಾಚ್ ದ ಬಸ್," ಎಂದಳು. ಒಂದು ತಪ್ಪೂ ಇರಲಿಲ್ಲ. ಆಮೇಲೆ ಒಳಗೆ ಹೋಗಿ ಮಕ್ಕಳಿಗೆ ಅನ್ನ ಬಡಿಸತೊಡಗಿದಳು.