ಟುವ್ವಿ ಹಕ್ಕಿ, ಮಸಿ ಅಣಬೆ

ಟುವ್ವಿ ಟುವ್ವಿ ಟುವ್ವಿ, ಶುರುವಾಯಿತು ಇದರ ರಗಳೆ, ಹೆಬ್ಬೆಟ್ಟಿನಷ್ಟು ಹಕ್ಕಿ, ದಾಸವಾಳದ ಗಿಡದಲ್ಲಿ ಕೂತು ಅರೆಕೆರೆಗೆಲ್ಲ ಕೇಳುವಂತೆ ಬಾಯಿ, ಗೂಡು ಎಲ್ಲಿ ಅಂದರೆ ಮಾತ್ರ ಕಾಣಿಸದು, ಎಲೆಗೆ ಎಲೆ ಹೊಲಿದು ಒಳಗೆ ಬಚ್ಚಿಟ್ಟಿದೆ — ಥೇಟ್ ನಮ್ಮ ಯಜಮಾನರು. ಬೇಗೂರು ನಾಗೇಶ್ವರನ ಆಣೆ ನಾರಾಯಣಮ್ಮ, ಕುಡಿಯೋದು ಬಿಟ್ಟೆ, ಇನ್ನು ಮುಟ್ಟಲ್ಲ ಕಣೇ, ಬೀದಿಗೆಲ್ಲ ಸಾರಿದ್ದೇ ಸಾರಿದ್ದು. ಅಷ್ಟು ಸಾರುವವರನ್ನು ನಾನು ನಂಬುವುದಿಲ್ಲ, ದಿನಾ ಸಂಜೆ ಬಾಯಲ್ಲಿ ಏಲಕ್ಕಿ ಯಾಕೆ, ಬಾಡಿಗೆಗೆ ಕೊಟ್ಟ ಮನೆಯ ನಲ್ಲಿ ನೋಡ್ಕೊಂಡು ಬರ್ತೀನಿ ಅಂತ ಹೋದವರು ಕತ್ತಲಾದರೂ ಬರುವುದಿಲ್ಲ ಯಾಕೆ, ಯಾವ ನಲ್ಲಿ ಅಷ್ಟು ಸೋರುತ್ತದೆ? ಅದಕ್ಕೇ ಈ ಅಣಬೆ, ಗಿಡದ ಗೊಬ್ಬರದಲ್ಲಿ ಬೆಳಗ್ಗೆ ಎದ್ದಿತ್ತು, ಬೂದು ಟೋಪಿ, ಕೀಳದೆ ಬಿಟ್ಟ ಎರಡು ಆಗಲೇ ಕರಗಿ ಕಪ್ಪಗೆ ತೊಟ್ಟಿಕ್ಕುತ್ತಿವೆ, ಅಮ್ಮ ಹೇಳುತ್ತಿದ್ದಳು, ಮಸಿ ಅಣಬೆ ತಿಂದೋನು ಹೆಂಡ ಮುಟ್ಟಿದ್ರೆ ಮುಖ ಕೆಂಡ ಆಗ್ತದೆ, ಎದೆ ಹೊಡ್ಕೊಳ್ತದೆ, ಕುಡಿಯದೋನಿಗೆ ಏನೂ ಆಗಲ್ಲ. ಹಕ್ಕಿ ಕೂಗಿ ಕೂಗಿ ಮುಚ್ಚಿಡುತ್ತದೆ, ಅಣಬೆ ಉಸಿರೆತ್ತದೆ ಎಲ್ಲ ಕಕ್ಕುತ್ತದೆ, ನನಗೆ ಅಣಬೆಯೇ ಸರಿ. ಮಧ್ಯಾಹ್ನ ಸಾರು ಮಾಡಿ ಬಡಿಸಿದೆ, ಇವರು ಎರಡೆರಡು ಸಲ ಹಾಕಿಸಿಕೊಂಡರು, ಮಗಳು ಬಿಂದುಶ್ರೀಯೂ ಮುದ್ದೆ ಮುರಿದು ಉಂಡಳು, ಅವಳದ್ದು ಬಿಡು, ಬಾಯೇ ಇಲ್ಲದ ಹುಡುಗಿ, ಅವಳ ಮೇಲೆ ಅನುಮಾನಪಟ್ಟರೆ ನನ್ನ ಬಾಯಲ್ಲಿ ಹುಳ ಬಿದ್ದೀತು — ಗೇಟಿನ ಸದ್ದು, ಇವರೇ, ಬನ್ನಿ, ಲೈಟಿನ ಕೆಳಗೆ ಬನ್ನಿ, ಏನೇ ಇದು, ಪೊಲೀಸ್ನೋರ ಥರ ನೋಡ್ತೀಯ, ಕೆನ್ನೆ ತಣ್ಣಗಿದೆ, ಬಣ್ಣ ಎಂದಿನದೇ, ಕೈತುಂಬ ನಲ್ಲಿಯ ತುಕ್ಕು, ಅಯ್ಯೋ, ನಿಜಕ್ಕೂ ಬಿಟ್ಟಿದ್ದಾರೆ, ನಾಚಿಕೆಯಾಗುತ್ತಿದೆ ನನಗೆ, ಸಂತೋಷಕ್ಕೆ ಅಳುವೂ ಬರುತ್ತಿದೆ, ಕಾಫಿ ಮಾಡಲೇ ಅನ್ನುವಷ್ಟರಲ್ಲಿ ಹೊರಗೆ ಆಟೋ ನಿಂತಿತು, ಬಿಂದು, ಫ್ರೆಂಡ್ ಅರ್ಪಿತನ ಬರ್ತ್‌ಡೇ ಅಮ್ಮ, ಕೇಕ್ ತಿಂದು ಬಂದ್ಬಿಡ್ತೀನಿ ಅಂತ ಹೋದವಳು, ಮುಖಕ್ಕೆಲ್ಲ ವೇಲ್ ಸುತ್ತಿಕೊಂಡಿದ್ದಾಳೆ, ರೋಡಲ್ಲಿ ಧೂಳು ಅಮ್ಮ, ಗೋಡೆ ಹಿಡಿದು ಚಪ್ಪಲಿ ಬಿಡುತ್ತಿದ್ದಾಳೆ, ಯಾಕೋ ಅಮ್ಮ, ಎದೆ ಒಂದೇ ಸಮ ಹೊಡ್ಕೊಳ್ತಿದೆ, ನೀರು ಕೊಡು, ವೇಲ್ ಬಿಚ್ಚಿದಳು, ಕಿವಿ — ಬಿಸಿಲಿಗೆ ಹೋಗಿದ್ಯಾ ಮಗಳೇ, ಇವರು ಕೇಳುತ್ತಿದ್ದಾರೆ, ಪಾಪ, ಹೊತ್ತು ಮುಳುಗಿದ ಮೇಲೆ ಯಾವ ಬಿಸಿಲು, ಹೂಂ ಅಪ್ಪ ಅನ್ನುತ್ತಿದ್ದಾಳೆ, ಬಡಿಸಿದ್ದು ನಾನೇ, ಈ ಕೈಯಿಂದಲೇ, ಕತ್ತಿನಿಂದ ಮೇಲಕ್ಕೆ ಹತ್ತುತ್ತಿದೆ, ಆ ಕಿವಿ, ಚುಚ್ಚಿಸಿದ ದಿನ ನಾನೇ ಊದಿದ ಕಿವಿ, ಕೆಂಪಗೆ, ಕಿವಿ ಕೆಂಪಗೆ —